ಪಕ್ಕದ ಮನೆಯವರ ನಂಬರು

ಜರ್ಮನ್ ಭಾಷೆಯನ್ನು ನಾನು ಕಲಿತದ್ದು ಬೆಡ್‌ಪ್ಯಾನ್ ತೊಳೆಯುತ್ತಾ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನರ್ಸ್ ಹುಡುಗಿಯರಿಗೆ ಜರ್ಮನ್ ಕಲಿಸುವ ನಮ್ಮ ಸೆಂಟರಿನ ಬೋರ್ಡಿನಲ್ಲಿ ಜೋವಿಟಾ ಎಂಬ ನನ್ನ ಹೆಸರಿನ ಕೆಳಗೆ 'ಲ್ಯಾಂಗ್ವೇಜ್ ಎಕ್ಸ್‌ಪರ್ಟ್' ಎಂದು ಬರೆಸಿದ್ದಾರೆ. ಎಕ್ಸ್‌ಪರ್ಟೂ ಇಲ್ಲ, ಗಿಕ್ಸ್‌ಪರ್ಟೂ ಇಲ್ಲ. ಹುಡುಗಿಯಾಗಿದ್ದಾಗ ನರ್ಸ್ ಕೆಲಸಕ್ಕೆ ಜರ್ಮನಿಗೆ ಹೋದೆ, ಅಲ್ಲಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ತಲೆ ನರೆಯುವವರೆಗೆ ದುಡಿದೆ, ಸಾಕೆನಿಸಿದಾಗ ಸಕಲೇಶಪುರಕ್ಕೆ ವಾಪಸು ಬಂದೆ. ಭಾಷೆ ಜೊತೆಯಲ್ಲೇ ಬಂತು.

ಬೋರ್ಡ್ ಬರೆಸಿದವನು ಜೊನಾಥನ್, ನನ್ನ ಅಕ್ಕನ ಮಗ. ಅವರದ್ದು ಮೂರು ತಲೆಮಾರಿನಿಂದ ಮೆಣಸು, ಕಾಫಿ ವ್ಯಾಪಾರ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಕೆಳಗೆ ಸ್ಟೋರು, ಮೇಲೆ ನಮ್ಮ ಸೆಂಟರು. ಸೀಸನ್‌ನಲ್ಲಿ ಕೆಳಗೆ ಮೆಣಸಿನ ಮೂಟೆ ಕಟ್ಟಲು ಶುರು ಮಾಡಿದರೆ ಮೇಲೆ ಇಡೀ ಕ್ಲಾಸು ಸೀನುತ್ತದೆ. ಸೀನಿದವರಿಗೆ ಜರ್ಮನರು ಹೇಳುವ ಹಾರೈಕೆಯ ಮಾತನ್ನು ನಮ್ಮ ಹುಡುಗಿಯರು ಎಲ್ಲಕ್ಕಿಂತ ಮೊದಲು ಕಲಿಯುವುದು ಅದಕ್ಕೇ. ಜೊನಾಥನ್ ಕೆಟ್ಟವನಲ್ಲ. ವ್ಯಾಪಾರಕ್ಕೆ ಕನ್ನಡ, ಸಿಟ್ಟಿಗೆ ಕೊಂಕಣಿ, ದೊಡ್ಡಸ್ತಿಕೆಗೆ ಇಂಗ್ಲಿಷ್ ಇಟ್ಟುಕೊಂಡಿದ್ದಾನೆ, ಅಷ್ಟೆ. ಜರ್ಮನ್ ಮಾತ್ರ ಒಂದಕ್ಷರ ಬಾರದು.

ಕಳೆದ ವರ್ಷ ಅವನು ನಾಲ್ಕು ವಿಆರ್ ಹೆಡ್‌ಸೆಟ್ ತರಿಸಿದ. ನಾನು ಅದನ್ನು ಡಬ್ಬ ಎನ್ನುತ್ತೇನೆ. ಕಣ್ಣಿಗೆ ಕಟ್ಟಿಕೊಂಡರೆ ಬಸ್ ಸ್ಟ್ಯಾಂಡು, ಹೇಮಾವತಿ ಸೇತುವೆ, ಎದುರಿನ ಬೇಕರಿ ಎಲ್ಲ ಮಾಯವಾಗಿ ಜರ್ಮನಿ ಬರುತ್ತದೆ. ರೈಲ್ವೆ ಸ್ಟೇಷನ್, ಅಂಗಡಿ, ಆಸ್ಪತ್ರೆ, ಹಿಮ ಬಿದ್ದ ರಸ್ತೆ. ಅಲ್ಲಿನ ಗೊಂಬೆ ಮನುಷ್ಯರು ಮಾತಾಡುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಒಳಗೆ ಹುಡುಗಿ ಏನು ನೋಡುತ್ತಾಳೋ ಅದು ಹೊರಗೆ ಲ್ಯಾಪ್‌ಟಾಪಿನಲ್ಲಿ ನಮಗೂ ಕಾಣುತ್ತದೆ. ಪಾಠ ಮುಗಿದ ಮೇಲೆ ಸರಿಯಾಗಿದ್ದರೆ ಹಸಿರು ದೀಪ, ತಪ್ಪಿದ್ದರೆ ಕೆಂಪು ದೀಪ.

ಸುಳ್ಳು ಹೇಳಬಾರದು, ಡಬ್ಬ ಒಳ್ಳೆಯದೇ. ನನ್ನೆದುರು ಬಾಯಿ ಬಿಡಲು ನಾಚುತ್ತಿದ್ದ ಹುಡುಗಿಯರು ಗೊಂಬೆಗಳ ಜೊತೆ ವಟವಟ ಮಾತಾಡತೊಡಗಿದರು. ಆಲೂರು ಕಡೆಯ ಶೃತಿ ಎಂಬವಳು ಮೊದಲ ದಿನ ಡಬ್ಬದೊಳಗಿನ ರೋಗಿಯ ಕೋಣೆಯ ಬಾಗಿಲಿಗೆ ಬಂದವಳೇ ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು.

ಆದರೆ ಆ ಬ್ಯಾಚಿನಲ್ಲಿ ನಿಜವಾಗಿ ಭಾಷೆ ಒಲಿದದ್ದು ಮಧುಶ್ರೀಗೆ. ಮಾರನಹಳ್ಳಿಯವಳು. ಹಾಸನದಲ್ಲಿ ನರ್ಸಿಂಗ್ ಮುಗಿಸಿ ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದಳು. ಘಾಟಿಯಲ್ಲಿ ಲಾರಿ ಕೆಟ್ಟು ನಿಂತು ಬಸ್ಸು ಬರದ ದಿನ ಯಾವುದಾದರೂ ಪಿಕಪ್‌ಗೆ ಕೈ ತೋರಿಸಿ ಬರುತ್ತಿದ್ದಳೇ ಹೊರತು ಕ್ಲಾಸು ತಪ್ಪಿಸಿದವಳಲ್ಲ. ರೈಲಿನ ಪಾಠದಲ್ಲಿ ಟಿಕೆಟ್ ಇನ್‌ಸ್ಪೆಕ್ಟರ್ ಗೊಂಬೆ ದಂಡ ಹಾಕುತ್ತದೆ. ಎಲ್ಲ ಹುಡುಗಿಯರೂ ಕ್ಷಮೆ ಕೇಳಿ ಹಸಿರು ದೀಪ ಪಡೆದರು. ಇವಳು ಮಾತ್ರ ನಿಮ್ಮ ಮೆಷಿನ್ ಕೆಟ್ಟಿತ್ತು, ನಾನು ಯಾಕೆ ದಂಡ ಕಟ್ಟಬೇಕು ಎಂದು ಶುದ್ಧ ಜರ್ಮನ್‌ನಲ್ಲಿ ಜಗಳಕ್ಕೆ ನಿಂತಳು. ಗೊಂಬೆಗೆ ಮಾತು ಮುಗಿದುಹೋಗಿ ಅದು ಸುಮ್ಮನೆ ನಗುತ್ತಾ ನಿಂತಿತು. ಈ ಹುಡುಗಿ ಎಲ್ಲಿ ಹೋದರೂ ಬದುಕುತ್ತಾಳೆ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಕೊನೆಯ ಪಾಠ ಫೋನಿನದು. ಅದರಲ್ಲಿ ಪಾಸಾದವರ ಹೆಸರು ಮಾತ್ರ ಫ್ರಾವ್ ಬ್ರಾಂಟ್ ಅವರಿಗೆ ಹೋಗುತ್ತದೆ ಎಂದು ಜೊನಾಥನ್ ಶುರುವಿನಲ್ಲೇ ಹೇಳಿದ್ದ. ಆಕೆ ಜರ್ಮನಿಯಲ್ಲಿ ಮೂರು ವೃದ್ಧಾಶ್ರಮ ನಡೆಸುವವರು; ಫ್ರಾವ್ ಎಂದರೆ ಅಲ್ಲಿ ಶ್ರೀಮತಿ, ಹೆರ್ ಎಂದರೆ ಶ್ರೀಯುತ ಎಂದ ಹಾಗೆ. ಅವರು ವಿಡಿಯೋದಲ್ಲಿ ಮಾತಾಡಿಸಿ ಒಪ್ಪಿದರೆ ಕೆಲಸ ಸಿಕ್ಕಂತೆ.

ಪಾಠ ಹೀಗಿದೆ. ನೀವೊಂದು ವೃದ್ಧಾಶ್ರಮದಲ್ಲಿ ಡ್ಯೂಟಿಯಲ್ಲಿದ್ದೀರಿ. ಹೆರ್ ಲಿಂಡ್‌ನರ್ ಎಂಬ ಮುದುಕರು ಈಗಷ್ಟೇ ಕಣ್ಣು ಮುಚ್ಚಿದ್ದಾರೆ. ಡಾಕ್ಟರು ಬಂದು ನೋಡಿ ಹೋಗಿದ್ದಾರೆ. ಮೇಜಿನ ಮೇಲೆ ಫೋನಿದೆ. ನೀವು ಅವರ ಮಗಳಿಗೆ ಫೋನ್ ಮಾಡಿ ತಿಳಿಸಬೇಕು. ಆಕೆ ಫೋನ್ ಎತ್ತಿದ ಮೇಲೆ ನಿಮ್ಮ ಎರಡನೇ ವಾಕ್ಯದೊಳಗೆ 'ನಿಮ್ಮ ತಂದೆ ತೀರಿಕೊಂಡಿದ್ದಾರೆ' ಎಂಬ ಮಾತು ಬರಬೇಕು. ಆಮೇಲೆ ಸಂತಾಪ, ಆಮೇಲೆ ಅವರ ಸಾಮಾನು ಯಾವಾಗ ಒಯ್ಯುತ್ತೀರಿ ಎಂಬ ಪ್ರಶ್ನೆ.

ಮೊದಲು ಮಧುಶ್ರೀಯನ್ನೇ ನಿಲ್ಲಿಸಿದೆ, ಉಳಿದವರು ನೋಡಿ ಕಲಿಯಲಿ ಎಂದು. ಅವಳು ಡಬ್ಬ ಕಟ್ಟಿಕೊಂಡಳು. ಮಂಚದ ಮೇಲಿದ್ದ ಮುದುಕರ ಗೊಂಬೆಯ ಕಡೆ ಒಮ್ಮೆ ತಿರುಗಿ, ಹೊದಿಕೆ ಸರಿ ಮಾಡುವಂತೆ ಗಾಳಿಯಲ್ಲಿ ಕೈ ಆಡಿಸಿದಳು. ಫೋನ್ ಮಾಡಿದಳು. ಆ ಕಡೆ ಮಗಳು ಎತ್ತಿದಳು. ಮಧುಶ್ರೀ ತನ್ನ ಹೆಸರು ಹೇಳಿ, ನಿಮ್ಮ ಊಟ ಆಯಿತಾ ಎಂದು ಕೇಳಿದಳು. ಆಮೇಲೆ, ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಅವರ ನಂಬರು ಕೊಡಿ ಎಂದಳು.

ಗೊಂಬೆ ತಬ್ಬಿಬ್ಬಾಯಿತು. ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ ಎಂದಿತು. ಮಧುಶ್ರೀ ಇನ್ನೊಮ್ಮೆ ಪಕ್ಕದ ಮನೆಯವರ ನಂಬರು ಕೇಳಿದಳು. ಕೆಂಪು ದೀಪ ಹತ್ತಿತು. ಕ್ಲಾಸು ಗೊಳ್ಳೆಂದಿತು. ನನಗೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರಾದರೂ ಹೋದರೆ ಆ ಮನೆಗೆ ಯಾರೂ ನೇರವಾಗಿ ಫೋನ್ ಮಾಡುವುದಿಲ್ಲ. ಪಕ್ಕದ ಮನೆಗೆ ಮಾಡುತ್ತಾರೆ. ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳುವ ನೆವ ಮಾಡಿಕೊಂಡು ಹೋಗಿ ಕೂರುತ್ತಾಳೆ. ಹಿಂದೆಯೇ ಇನ್ನೊಬ್ಬಳು ಬರುತ್ತಾಳೆ, ಮತ್ತೊಬ್ಬಳು ಬರುತ್ತಾಳೆ. ಯಾರೋ ಒಲೆ ಆರಿಸುತ್ತಾರೆ, ಯಾರೋ ಮಗುವನ್ನು ಎತ್ತಿಕೊಳ್ಳುತ್ತಾರೆ. ಸ್ವಲ್ಪ ಸೀರಿಯಸ್ ಅಂತೆ, ಹೊರಡು ಎನ್ನುತ್ತಾರೆ. ನಿಜವಾದ ಮಾತು ಬಾಯಿಂದ ಬರುವ ಹೊತ್ತಿಗೆ ಹಿಡಿದುಕೊಳ್ಳಲು ಸುತ್ತ ಕೈಗಳಿರುತ್ತವೆ.

ನಗು ಮುಗಿದ ಮೇಲೆ ನಾನು ಬೈದೆ. ಆ ದೇಶದಲ್ಲಿ ಪಕ್ಕದ ಮನೆಯವರ ಮುಖ ಕೂಡ ಗೊತ್ತಿರುವುದಿಲ್ಲ ಎಂದೆ. ಸೀರಿಯಸ್ ಎಂದು ಸುಳ್ಳು ಹೇಳಿ, ಆ ಮಗಳು ಏನೋ ಆಸೆ ಇಟ್ಟುಕೊಂಡು ಓಡಿ ಬಂದು, ಆಗಲೇ ಹೋಗಿಬಿಟ್ಟಿದ್ದರು ಎಂದು ಗೊತ್ತಾದರೆ ನಿನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದೆ. ನಿಜ ತಿಳಿಯುವುದು ಅವಳ ಹಕ್ಕು ಎಂದೆ. ಸುಳ್ಳು ಹೇಳುವುದು ತಪ್ಪು, ಅದನ್ನು ಒಪ್ಪುತ್ತೇನೆ ಎಂದಳು ಮಧುಶ್ರೀ.

ಎರಡನೇ ಸಲ ಊಟದ ಮಾತಿಲ್ಲ, ಪಕ್ಕದ ಮನೆಯ ಮಾತಿಲ್ಲ. ಮಗಳು ಫೋನ್ ಎತ್ತಿದ ಕೂಡಲೇ, ನೀವು ಈಗ ಒಬ್ಬರೇ ಇದ್ದೀರಾ ಎಂದು ಕೇಳಿದಳು. ಕೂತಿದ್ದೀರಾ ಎಂದು ಕೇಳಿದಳು. ಅಷ್ಟರಲ್ಲಿ ಎರಡು ವಾಕ್ಯ ಮುಗಿದಿತ್ತು. ಕೆಂಪು. ಮರುದಿನವೂ ಹಾಗೇ ಕೇಳಿದಳು, ಕೆಂಪು. ಉಳಿದವರು ಒಬ್ಬೊಬ್ಬರಾಗಿ ಬಂದು, ವಿಷಾದದಿಂದ ತಿಳಿಸುತ್ತೇನೆ, ನಿಮ್ಮ ತಂದೆ ತೀರಿಕೊಂಡಿದ್ದಾರೆ ಎಂದು ಗಿಣಿಗಳ ಹಾಗೆ ಒಪ್ಪಿಸಿ ಹಸಿರು ದೀಪ ಪಡೆದರು. ಪ್ರತಿ ಹಸಿರಿಗೂ ಕ್ಲಾಸು ಚಪ್ಪಾಳೆ ತಟ್ಟುತ್ತಿತ್ತು. ಸಾವಿನ ಸುದ್ದಿ ಹೇಳಿ ಮುಗಿಸಿದವರಿಗೆ ಚಪ್ಪಾಳೆ ತಟ್ಟುವುದು ಒಂದು ಥರಾ ಅನ್ನಿಸಿತು. ಆದರೂ ನಾನೂ ತಟ್ಟಿದೆ.

ವಾರವಾಯಿತು. ಮಧುಶ್ರೀಯ ಕೆಂಪು ಕೆಂಪಾಗಿಯೇ ಉಳಿಯಿತು. ಜೊನಾಥನ್ ಅವಳನ್ನು ಕರೆದು ತನ್ನ ವ್ಯಾಪಾರದ ಜಾಣತನ ತೋರಿಸಿದ. ಡಬ್ಬಕ್ಕೆ ಮುಖ ಗೊತ್ತಾಗುವುದಿಲ್ಲ, ನಿನ್ನ ಹೆಸರಿನಲ್ಲಿ ಶೃತಿ ಕಟ್ಟಿಕೊಂಡು ಹೇಳಿಬಿಡಲಿ, ಐದು ನಿಮಿಷದ ಕೆಲಸ ಎಂದ. ಶೃತಿಯೂ ತಯಾರಿದ್ದಳು. ಮಧುಶ್ರೀ ಕೈ ಕಟ್ಟಿಕೊಂಡು ನಿಂತೇ ಉತ್ತರ ಕೊಟ್ಟಳು.

"ನಂಗೆ ಹೇಳಕ್ಕೆ ಬರಲ್ಲ ಅಂತ ಅಲ್ಲ ಸಾರ್. ನಾನು ಹೇಳಲ್ಲ, ಅಷ್ಟೆ."

ಜೊನಾಥನ್ ನನ್ನ ಕಡೆ ತಿರುಗಿ ಕೊಂಕಣಿಗೆ ಇಳಿದ. ಈ ಹುಡುಗಿಗೆ ಧಿಮಾಕು ಜಾಸ್ತಿಯಾಗಿದೆ, ಶುಕ್ರವಾರ ಫ್ರಾವ್ ಬ್ರಾಂಟ್ ವಿಡಿಯೋದಲ್ಲಿ ಬರುತ್ತಾರೆ, ಅಷ್ಟರೊಳಗೆ ನೀವು ಬುದ್ಧಿ ಹೇಳದಿದ್ದರೆ ಇವಳನ್ನು ಬಿಟ್ಟೇ ಮುಂದೆ ಹೋಗುತ್ತೇನೆ ಎಂದ. ಮಧುಶ್ರೀಗೆ ಕೊಂಕಣಿ ಬಾರದಿದ್ದರೂ ಅರ್ಥವಾಗದೆ ಉಳಿಯಲಿಲ್ಲ.

ನಾನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ನನಗೂ ಸಿಟ್ಟು ಬಂದಿತ್ತು. ಇಷ್ಟು ಚೆನ್ನಾಗಿ ಕಲಿತವಳು ಒಂದು ವಾಕ್ಯಕ್ಕಾಗಿ ಕೈಗೆ ಬಂದ ತುತ್ತನ್ನು ಬಾಯಿಗೆ ಬರದಂತೆ ಮಾಡಿಕೊಳ್ಳುತ್ತಿದ್ದಾಳಲ್ಲ ಎಂದು. ಆ ಮಗಳಿಗೆ ಜೀವ ಇಲ್ಲ, ಅಪ್ಪನೂ ಇಲ್ಲ, ಬರೀ ಗೊಂಬೆ ಕಣೇ ಅದು, ಒಂದು ಸಲ ಹೇಳಿ ಬಿಸಾಕು ಎಂದೆ.

"ಗೊಂಬೆ ಅಂತ ಗೊತ್ತು ಮೇಡಂ. ಗೊಂಬೆಗೆ ಹತ್ತು ಸಲ ಹಂಗೆ ಹೇಳಿ ನಾಲಿಗೆಗೆ ರೂಢಿ ಆಗ್ಬುಟ್ರೆ, ಆಮೇಲೆ ಮನುಷ್ಯರಿಗೂ ಹಂಗೇ ಹೇಳ್ತೀನಿ. ರೂಢಿ ಮಾಡ್ಸಕ್ಕೆ ತಾನೆ ಈ ಡಬ್ಬ ತಂದಿರದು?"

ಕೆಳಗೆ ತಕ್ಕಡಿಯ ಸದ್ದು ಕೇಳುತ್ತಿತ್ತು. ಅವಳೇ ತನ್ನ ಅಣ್ಣನ ಸುದ್ದಿ ತೆಗೆದಳು.

ಅಣ್ಣ ಯೋಗೇಶ್ ಒಂದು ಎಸ್ಟೇಟಿನಲ್ಲಿ ಮೆಣಸು ಕೊಯ್ಯಲು ಹೋಗುತ್ತಿದ್ದ. ಮರದಿಂದ ಮರಕ್ಕೆ ಅಲ್ಯೂಮಿನಿಯಂ ಏಣಿ ಸಾಗಿಸುವಾಗ ಅದು ಕರೆಂಟಿನ ತಂತಿಗೆ ತಗುಲಿತು. ಹುಡುಗ ಅಲ್ಲೇ ಹೋಗಿಬಿಟ್ಟ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಾಬರಿಯಲ್ಲಿ ಕೈಗೆ ಸಿಕ್ಕಿದ ನಂಬರಿಗೆ ಫೋನ್ ಮಾಡಿದ. ಅದು ತಾಯಿ ಪಾರ್ವತಮ್ಮನ ನಂಬರು. ಆಕೆ ಕಣದಲ್ಲಿ ಒಬ್ಬಳೇ ಕಾಫಿ ಹರಡುತ್ತಿದ್ದಳು. ನಿಮ್ಮ ಮಗ ಶಾಕ್ ಹೊಡೆದು ತೀರಿಹೋದ ಎಂದು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಪಾರ್ವತಮ್ಮ ಫೋನನ್ನು ಕಾಫಿಯ ಮೇಲೆ ಬಿಟ್ಟು ನಡೆಯತೊಡಗಿದಳು. ಎಸ್ಟೇಟಿರುವುದು ಒಂದು ದಿಕ್ಕಿಗೆ, ಅವಳು ನಡೆದದ್ದು ಇನ್ನೊಂದು ದಿಕ್ಕಿಗೆ, ಹೈವೇ ಹಿಡಿದು ಘಾಟಿ ಇಳಿಯುವ ಕಡೆಗೆ. ಬರಿಗಾಲಿನಲ್ಲಿ. ಸುದ್ದಿ ತಿಳಿದ ಮಧುಶ್ರೀ ಹಾಸನದ ಹಾಸ್ಟೆಲಿನಿಂದ ಮೇಲಿಂದ ಮೇಲೆ ಫೋನ್ ಮಾಡುತ್ತಲೇ ಇದ್ದಳು. ಅದು ಕಣದಲ್ಲಿ ಕಾಫಿಯ ನಡುವೆ ಬಡಿದುಕೊಳ್ಳುತ್ತಲೇ ಇತ್ತು. ಸಂಜೆ ಮೇಲೆ ಯಾರೋ ಲಾರಿ ಡ್ರೈವರ್ ಒಂದು ತಿರುವಿನಲ್ಲಿ ಕೂತಿದ್ದ ಹೆಂಗಸನ್ನು ನೋಡಿ, ಹತ್ತಿಸಿಕೊಂಡು ಬಂದು ಘಾಟಿ ಮೇಲೆ ಮೊದಲು ಸಿಕ್ಕುವ ಮಾರನಹಳ್ಳಿಯಲ್ಲೇ ಬಿಟ್ಟ. ಯಾರು ಕೇಳಿದರೂ ಅವಳಿಗೆ ತನ್ನ ಹೆಸರು ಹೇಳಲು ಆಗುತ್ತಿರಲಿಲ್ಲ. ಮಗನನ್ನು ಮಣ್ಣು ಮಾಡುವಾಗಲೂ ಅವಳಿಗೆ ಅದು ಯಾರೆಂದು ಗೊತ್ತಾಗಲಿಲ್ಲ. ಇವತ್ತಿಗೂ ಮನೆಯಲ್ಲಿ ಫೋನ್ ಬಡಿದುಕೊಂಡರೆ ಎದ್ದು ಹೊರಗೆ ಹೋಗಿಬಿಡುತ್ತಾಳಂತೆ.

"ಆ ರೈಟರ್ ಸುಳ್ಳು ಹೇಳ್ಲಿಲ್ಲ ಮೇಡಂ. ಈ ಡಬ್ಬದಲ್ಲಿ ಹಾಕಿದ್ರೆ ಅವನಿಗೆ ಹಸಿರು ದೀಪ ಬತ್ತಿತ್ತು."

ಅವಳು ಅಳಲಿಲ್ಲ. ಅಳುವ ಹಾಗೆ ಆದದ್ದು ನನಗೆ. ಆದರೆ ಅಳುವುದಕ್ಕಿಂತ ಮೊದಲು ನನಗೆ ರೇಗುತ್ತದೆ, ಅದು ನನ್ನ ಹುಟ್ಟುಗುಣ. ಎದ್ದು ಮೇಲೆ ಹೋದೆ. ಕ್ಲಾಸು ಖಾಲಿ ಇತ್ತು. ಈ ಡಬ್ಬ ಏನು ಹೇಳುತ್ತದೋ ನಾನೇ ನೋಡಿಯೇಬಿಡುತ್ತೇನೆ ಎಂದು ಕಟ್ಟಿಕೊಂಡೆ.

ಅಲ್ಲಿಯವರೆಗೆ ನಾನು ಅದನ್ನು ಹೊರಗಿನಿಂದ ನೋಡಿದ್ದೆನೇ ಹೊರತು ಒಳಗೆ ಹೋಗಿರಲಿಲ್ಲ. ಒಳಗೆ ಅದೇ ಹಳದಿ ಗೋಡೆ, ಅದೇ ಕಬ್ಬಿಣದ ಮಂಚ, ಕಿಟಕಿಯಲ್ಲಿ ಅದೇ ಬೋಳು ಮರ. ನಾನು ಎಷ್ಟೋ ಚಳಿಗಾಲ ಇಂಥ ಕೋಣೆಗಳಲ್ಲೇ ಕಳೆದವಳು. ಇಂಥ ಫೋನು ಎಷ್ಟೋ ಸಲ ಮಾಡಿದವಳು. ನಂಬರು ಒತ್ತಿದೆ. ಮಗಳು ಎತ್ತಿದಳು. ನಾನು ಏನೂ ಯೋಚನೆ ಮಾಡಲಿಲ್ಲ, ನಾಲಿಗೆ ತಾನಾಗಿಯೇ ಹೊರಳಿತು. ಫ್ರಾವ್ ಲಿಂಡ್‌ನರ್, ನೀವು ಈಗ ಎಲ್ಲಿದ್ದೀರಿ, ಕಾರು ಓಡಿಸುತ್ತಿಲ್ಲ ತಾನೆ, ಜೊತೆಗೆ ಯಾರಾದರೂ ಇದ್ದಾರಾ ಎಂದೆ.

ಕೆಂಪು.

ಮುಖ್ಯ ಮಾಹಿತಿಯನ್ನು ತಡೆಹಿಡಿದಿದ್ದೀರಿ, ಇನ್ನೊಮ್ಮೆ ಅಭ್ಯಾಸ ಮಾಡಿ ಎಂದು ಡಬ್ಬ ಜೇನಿನಂಥ ದನಿಯಲ್ಲಿ ಹೇಳಿತು. ನನ್ನ ಪಿತ್ತ ನೆತ್ತಿಗೇರಿತು. ಅಭ್ಯಾಸವಂತೆ! ಆ ವೃದ್ಧಾಶ್ರಮದಲ್ಲಿ ನಾವೆಲ್ಲರೂ ಹೀಗೇ ಕೇಳುತ್ತಿದ್ದೆವು. ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬ ಮಗ ಹೈವೇಯಲ್ಲಿ ಕಾರು ಓಡಿಸುತ್ತಾ ಫೋನ್ ಎತ್ತಿದ್ದ. ಗಾಡಿ ಪಕ್ಕಕ್ಕೆ ಹಾಕಿ ಫೋನ್ ಮಾಡಿ ಎಂದೆ. ಹಾಕಿದ, ಆಮೇಲೆ ಹೇಳಿದೆ. ಮರುದಿನ ಬಂದು ನನ್ನ ಕೈ ಹಿಡಿದುಕೊಂಡ. ಅವನಿಗೆ ಗೊತ್ತಿದ್ದದ್ದು ಈ ಡಬ್ಬ ಮಾಡಿದವರಿಗೆ ಗೊತ್ತಿಲ್ಲ.

ಕೆಳಗಿಳಿದು ಹೋಗಿ, ಮೆಣಸಿನ ಮಾದರಿ ನೋಡುತ್ತಾ ನಿಂತಿದ್ದ ಜೊನಾಥನ್‌ಗೆ, ನಾನು ಫೇಲಾದೆ, ಬೋರ್ಡಿನಿಂದ ನನ್ನ ಹೆಸರು ತೆಗೆಸು ಎಂದೆ. ಅವನು ನಕ್ಕ. ತಮಾಷೆಯಲ್ಲ ಎಂದು ತಿಳಿದ ಮೇಲೆ ನಗು ನಿಲ್ಲಿಸಿದ. ಪಾಠ ಬರೆದವರು ದೊಡ್ಡ ಕಂಪನಿಯವರು, ಫ್ರಾವ್ ಬ್ರಾಂಟ್ ಅವರೇ ಇದನ್ನು ಆರಿಸಿದ್ದು, ಆಕೆಯ ಎದುರು ಈ ಮಾತು ತೆಗೆದರೆ ಇಡೀ ಬ್ಯಾಚಿನ ಮೇಲೆಯೇ ಅನುಮಾನ ಬರುತ್ತದೆ ಎಂದ. ಕೊನೆಗೆ ಒಂದು ಮಾತು ಹೇಳಿದ.

"ಆಂಟಿ, ಒಬ್ಬಳ ಹಟಕ್ಕೆ ಉಳಿದವರ ಅನ್ನಕ್ಕೆ ಕಲ್ಲು ಹಾಕಬೇಡಿ."

ಈ ಮಾತು ನಾಟಿತು. ಯಾಕೆಂದರೆ ಅದರಲ್ಲಿ ನಿಜ ಇತ್ತು. ಶೃತಿಯ ಮನೆಯಲ್ಲಿ ಅವಳ ಕೆಲಸವನ್ನೇ ನಂಬಿಕೊಂಡು ಕೂತವರಿದ್ದರು. ಮಾರನೇ ದಿನ ಜೊನಾಥನ್ ಇಲ್ಲದ ಹೊತ್ತು ನೋಡಿ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಧುಶ್ರೀಯನ್ನು ಫ್ರಾವ್ ಬ್ರಾಂಟ್ ಎದುರು ಕೂರಿಸಬೇಕೆಂದಿದ್ದೇನೆ, ನಿಮ್ಮಲ್ಲಿ ಒಬ್ಬರು ಬೇಡ ಎಂದರೂ ಕೂರಿಸುವುದಿಲ್ಲ ಎಂದೆ. ಮಧುಶ್ರೀ ನೆಲ ನೋಡುತ್ತಾ ಕೂತಿದ್ದಳು. ತನ್ನ ಸಲುವಾಗಿ ಯಾರನ್ನೂ ಕೇಳುವುದು ಅವಳಿಗೆ ಇಷ್ಟವಿರಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಆಮೇಲೆ ಶೃತಿ ಬಾಯಿ ಬಿಟ್ಟಳು.

"ಹಂಗಾರೆ ಮೊದ್ಲು ಅವಳನ್ನೇ ಕೂರ್ಸಿ ಮೇಡಂ. ಕೊನೆಗಿಟ್ರೆ ಸಾರ್ ಲ್ಯಾಪ್‌ಟಾಪ್ ಮುಚ್ಬುಡ್ತಾರೆ."

ಶುಕ್ರವಾರ ಜೊನಾಥನ್ ಕೋಟು ಹಾಕಿಕೊಂಡು ಬಂದಿದ್ದ. ಗೋಡೆಗೆ ಜರ್ಮನಿಯ ದೊಡ್ಡ ಚಿತ್ರ ಅಂಟಿಸಿದ್ದ. ಮಧುಶ್ರೀ ಹಿಂದಿನ ಬೆಂಚಿನಲ್ಲಿ ಕೂತದ್ದನ್ನು ನೋಡಿ, ಸುಮ್ಮನೆ ನೋಡಲು ಬಂದಿರಬೇಕು ಎಂದುಕೊಂಡ. ಪರದೆಯ ಮೇಲೆ ಫ್ರಾವ್ ಬ್ರಾಂಟ್ ಬಂದರು. ಗಿಡ್ಡ ಬೆಳ್ಳಿ ಕೂದಲು, ಕೈಯಲ್ಲಿ ದೊಡ್ಡ ಲೋಟ, ಕಣ್ಣು ಮಾತ್ರ ಏನನ್ನೂ ಬಿಡದಂಥದ್ದು. ಇಂಥ ಹೆಂಗಸರ ಕೈಕೆಳಗೆ ನಾನು ಎಷ್ಟೋ ವರ್ಷ ದುಡಿದಿದ್ದೇನೆ. ಬೆಣ್ಣೆ ಹಚ್ಚಿದರೆ ಇವರಿಗೆ ಆಗುವುದಿಲ್ಲ.

ಜೊನಾಥನ್ ಸ್ವಾಗತ ಹೇಳಿ ಮುಗಿಸಿ ಶೃತಿಯ ಹೆಸರು ಕೂಗಿದ. ಶೃತಿ ಕೂತಲ್ಲಿಂದ ಕದಲಲಿಲ್ಲ. ನಾನು ಮಧುಶ್ರೀಯ ಕೈ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದೆ. ಕ್ಯಾಮೆರಾ ಆನ್ ಆಗಿದ್ದರಿಂದ ಜೊನಾಥನ್‌ಗೆ ಬೈಯಲೂ ಆಗಲಿಲ್ಲ, ಮುಖದ ಮೇಲಿನ ನಗು ತೆಗೆಯಲೂ ಆಗಲಿಲ್ಲ. ಫ್ರಾವ್ ಬ್ರಾಂಟ್ ತಮ್ಮ ಮುಂದಿದ್ದ ಹೆಸರುಗಳನ್ನು ನೋಡಿ, ಈಕೆ ಇದರಲ್ಲಿಲ್ಲವಲ್ಲ ಎಂದರು. ನಾನು ಹಿಂದಿನಿಂದ ಜರ್ಮನ್‌ನಲ್ಲಿ ಹೇಳಿದೆ. ಈಕೆ ಫೋನಿನ ಪಾಠದಲ್ಲಿ ಫೇಲು, ನಿಮ್ಮ ದೇಶದಲ್ಲಿ ಅದೇ ಕೆಲಸ ಮಾಡಿ ಬಂದ ನಾನೂ ಫೇಲು, ಯಾಕೆ ಎಂದು ಈಕೆಯಿಂದಲೇ ಕೇಳಿ ಎಂದೆ.

ಅಲ್ಲಿಂದ ಮುಂದೆ ನಡೆದದ್ದೆಲ್ಲ ಜರ್ಮನ್‌ನಲ್ಲೇ. ಮಧುಶ್ರೀ ಹೇಳಿದ್ದನ್ನು ಮಾತ್ರ ಅವಳ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳಿಸಿತು.

ತಾನು ಯಾಕೆ ಫೇಲಾದೆ ಎಂದು ಮಧುಶ್ರೀ ಹೇಳಿದ್ದನ್ನು, ತಾಯಿಗೆ ಬಂದ ಆ ಫೋನಿನ ಸುದ್ದಿಯ ಸಮೇತ, ಫ್ರಾವ್ ಬ್ರಾಂಟ್ ಪೂರ್ತಿ ಕೇಳಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ನಮ್ಮ ಮನೆಯ (ವೃದ್ಧಾಶ್ರಮವನ್ನು ಅವರು ಮನೆ ಎನ್ನುತ್ತಾರೆ) ನಿಯಮ ಬೇರೆಯಿದೆ, ಸುದ್ದಿಯನ್ನು ಸ್ಪಷ್ಟವಾಗಿ, ತಡಮಾಡದೆ ಹೇಳಬೇಕು, ಸಂಬಂಧಿಕರು ಅದನ್ನೇ ಬಯಸುತ್ತಾರೆ, ನೀನು ಹೇಳುತ್ತೀಯೋ ಇಲ್ಲವೋ ಎಂದರು. ದನಿ ಗಟ್ಟಿಯಾಗಿತ್ತು. ಜೊನಾಥನ್ ಭಾಷೆ ತಿಳಿಯದಿದ್ದರೂ ದನಿ ತಿಳಿದು ಬೆವರು ಒರೆಸಿಕೊಂಡ.

"ಹೇಳ್ತೀನಿ. ಸುಳ್ಳು ಹೇಳಲ್ಲ, ಸುತ್ತಿ ಬಳಸಿನೂ ಹೇಳಲ್ಲ. ಆದ್ರೆ ಮೊದ್ಲು ಒಬ್ರೇ ಇದ್ದೀರಾ ಅಂತ ಕೇಳೇ ಕೇಳ್ತೀನಿ. ಯಾರಾದ್ರೂ ಇದ್ರೆ ಅವರನ್ನ ಹತ್ರ ಕರ್ಸಿ ಆಮೇಲೆ ಹೇಳ್ತೀನಿ."

ಫ್ರಾವ್ ಬ್ರಾಂಟ್ ಲೋಟ ಕೆಳಗಿಟ್ಟರು. ನಮ್ಮಲ್ಲಿ ಬಹಳ ಜನ ಒಬ್ಬರೇ ಇರುತ್ತಾರೆ, ಕರೆಯಲು ಯಾರೂ ಇರುವುದಿಲ್ಲ, ಆ ಮಗಳು ಹೌದು, ಒಬ್ಬಳೇ ಇದ್ದೇನೆ ಎಂದರೆ ಆಗ ಏನು ಮಾಡುತ್ತೀ ಎಂದು ಕೇಳಿದರು.

ಇಷ್ಟೆಲ್ಲ ಹಾರಾಡಿದ ನಾನು ಈ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಊರಿನ ಪದ್ಧತಿ ನಿಂತಿರುವುದೇ ಪಕ್ಕದ ಮನೆಯ ಮೇಲೆ. ಪಕ್ಕದ ಮನೆಯೇ ಇಲ್ಲದ ಕಡೆ ಅದನ್ನು ಎಲ್ಲಿ ನಿಲ್ಲಿಸುವುದು? ಮುಗಿಯಿತು, ಹುಡುಗಿ ಸಿಕ್ಕಿಬಿದ್ದಳು ಎಂದುಕೊಂಡೆ. ಮಧುಶ್ರೀ ಮಾತ್ರ ಕಣ್ಣು ಕೂಡ ಮಿಟುಕಿಸಲಿಲ್ಲ.

"ಆಗ್ಲೂ ಹೇಳ್ತೀನಿ. ಹೇಳ್ಬುಟ್ಟು ಫೋನ್ ಇಡಲ್ಲ."

ಎಲ್ಲಿಯವರೆಗೆ ಎಂದರು ಆಕೆ.

"ಅವರು ಸಾಕು ಅನ್ನೋವರ್ಗೆ. ಇಲ್ಲಾ ಯಾರಾದ್ರೂ ಬಂದು ಅವರ ಮನೆ ಬಾಗಿಲು ತಟ್ಟೋವರ್ಗೆ."

ಫ್ರಾವ್ ಬ್ರಾಂಟ್ ಮುಂದಕ್ಕೆ ಬಾಗಿದರು. ರಾತ್ರಿ ಪಾಳಿಯಲ್ಲಿ ಒಂದು ಮಹಡಿಗೆ ಇಬ್ಬರೇ ಇರುವುದು, ನೀನು ಫೋನ್ ಹಿಡಿದು ಕೂತರೆ ಉಳಿದ ಮುದುಕರನ್ನು ನೋಡುವವರು ಯಾರು ಎಂದರು. ಅದೂ ಸುಮ್ಮನೆ ಕೇಳಿದ್ದಲ್ಲ. ನಾನು ಆ ಪಾಳಿಗಳನ್ನು ಮಾಡಿದವಳು, ಅದು ಎಂಥ ಪ್ರಶ್ನೆ ಎಂದು ನನಗೆ ಗೊತ್ತು.

"ಅವರ ತಲೆ ಹತ್ರ ಬೆಲ್ ಇರ್ತೈತೆ. ಒತ್ತಿದ್ರೆ ಇನ್ನೊಬ್ರು ಹ್ವಾಯ್ತಾರೆ. ಆ ಮಗಳ ಹತ್ರ ಇರದು ಆ ಫೋನೊಂದೇ." ಅವಳು ಅಲ್ಲಿಗೂ ನಿಲ್ಲಿಸಲಿಲ್ಲ. "ಇದು ನಿಮ್ಮನೆಗೆ ಸರಿ ಬರಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ. ಅಲ್ಲಿಗೆ ಬಂದ್ಮೇಲೆ ನಾನು ಬದಲಾಗಲ್ಲ."

ಜೊನಾಥನ್ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ, ಮಾತು ನಿಲ್ಲಿಸಲೋ ಕ್ಷಮೆ ಕೇಳಲೋ ಗೊತ್ತಿಲ್ಲ. ನಾನು ಆ ಕೈಗೆ ಒಂದು ಏಟು ಕೊಟ್ಟೆ. ಅದು ಫ್ರಾವ್ ಬ್ರಾಂಟ್‌ಗೂ ಕಾಣಿಸಿರಬೇಕು. ಆಕೆ ಜೊನಾಥನ್‌ಗೆ ತಿಳಿಯಲಿ ಎಂದು ಇಂಗ್ಲಿಷಿಗೆ ಹೊರಳಿ, ಇವಳ ಹೆಸರನ್ನೂ ಸೇರಿಸಿ ಎಂದರು. ಜೊನಾಥನ್ ತೊದಲುತ್ತಾ ಮಾರ್ಕಿನ ಮಾತು ತೆಗೆದ. ಆ ಮಾರ್ಕು ನಿಮ್ಮ ಹತ್ತಿರವೇ ಇರಲಿ, ನನ್ನ ಮನೆಗೆ ಆ ಪಾಠದ ಮಾರ್ಕು ಇನ್ನು ಬೇಡ, ಮುಂದಿನವರನ್ನು ಕಳಿಸಿ ಎಂದರು. ಶೃತಿ ಎದ್ದು ದುಪಟ್ಟಾ ಸರಿ ಮಾಡಿಕೊಂಡು ಹೋಗಿ ಕೂತಳು. ಆ ದಿನ ನಮ್ಮ ಹುಡುಗಿಯರಲ್ಲಿ ಒಬ್ಬರೂ ತಿರಸ್ಕೃತರಾಗಲಿಲ್ಲ.

ಮಧುಶ್ರೀ ಹೋಗಿ ಈಗ ಒಂದು ಚಳಿಗಾಲ ಕಳೆದಿದೆ. ಜೊನಾಥನ್ ಅವಳ ಫೋಟೋವನ್ನು ಬೋರ್ಡಿಗೆ ಹಾಕಿಸಿದ್ದಾನೆ, ಎಲ್ಲ ತನ್ನ ಡಬ್ಬದ ಮಹಿಮೆ ಎಂಬಂತೆ. ಹಾಕಿಸಲಿ. ಡಬ್ಬದ ಕಂಪನಿಯವರಿಗೆ ನಾನು ಆ ಪಾಠ ತಿದ್ದಿ ಎಂದು ತಿಳಿಸಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಅದೇ ಜೇನಿನಂಥ ಉತ್ತರ ಬಂತು. ಪಾಠ ಇದ್ದ ಹಾಗೇ ಇದೆ. ಎರಡು ವಾಕ್ಯ, ಹಸಿರು, ಕೆಂಪು.

ಹೊಸ ಬ್ಯಾಚು ಬಂದಿದೆ. ಕಳೆದ ವಾರ ಅವರಿಗೆ ಆ ಪಾಠ ಬಂತು. ಹುಡುಗಿಯರು ಡಬ್ಬ ಕಟ್ಟಿಕೊಳ್ಳುವ ಮೊದಲು ಎಲ್ಲರಿಗೂ ಕೇಳುವ ಹಾಗೆ, ಮೆಟ್ಟಿಲಲ್ಲಿ ನಿಂತಿದ್ದ ಜೊನಾಥನ್‌ಗೂ ಕೇಳುವ ಹಾಗೆ ಹೇಳಿದೆ.

"ಇದರಲ್ಲಿ ಪಾಸಾದವರು ಕ್ಲಾಸು ಮುಗಿದ ಮೇಲೆ ಬಂದು ನನ್ನನ್ನು ನೋಡಿ. ಇನ್ನೊಂದು ಸಲ ಹೇಳಿಕೊಡುತ್ತೇನೆ."